ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯಲ್ಲಿ 1.8 ಸೆಂ.ಮೀ. ಗಡ್ಡೆ ಇದೆಯಂತೆ. ಕಣ್ಣಿನ ಡಾಕ್ಟರ ಬೋರ್ಡಿನ ಅಕ್ಷರ ಎಲ್ಲ ಓದುತ್ತೇನೆ. ಆದರೂ ಕಣ್ಣಿಗೆ ತೊಂದರೆ ಆಗುತ್ತಾ?

ಆಗಬಹುದು. ನನಗೂ ಇದೇ ಗಡ್ಡೆ ಇತ್ತು, ನಾನೂ ಕೊನೆಯ ಸಾಲಿನವರೆಗೆ ಓದುತ್ತಿದ್ದೆ.

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವನು. ಸೂಜಿಗೆ ದಾರ ಪೋಣಿಸುವುದು ಸಲೀಸು. ಆದರೆ ಪಕ್ಕದಲ್ಲಿಟ್ಟ ಬಟ್ಟೆ ಗಂಟಿಗೆ ಎಡವುತ್ತಿದ್ದೆ, ಬಾಗಿಲಿಗೆ ಭುಜ ತಾಗಿಸಿಕೊಳ್ಳುತ್ತಿದ್ದೆ. ರಾಯಲ್ ಸರ್ಕಲ್‌ನಲ್ಲಿ ಒಂದು ಆಟೋ ಎಡಗಡೆ ನೆಲದಿಂದ ಎದ್ದ ಹಾಗೆ ಬಂತು. ಬೈದವನು ನಾನೇ, ತಪ್ಪೂ ನನ್ನದೇ. ಕನ್ನಡಕದ ಅಂಗಡಿಯವರು ಎರಡು ಸಲ ನಂಬರ್ ಬದಲಿಸಿದರು. ದುಡ್ಡು ಹೋಯ್ತು, ಎಡವೋದು ಹೋಗಲಿಲ್ಲ.

ಕೊನೆಗೆ ಒಬ್ಬ ಕಣ್ಣಿನ ಡಾಕ್ಟರ್ ಸುತ್ತಲಿನ ನೋಟ ಅಳೆಯುವ ಫೀಲ್ಡ್ ಟೆಸ್ಟ್ ಮಾಡಿಸಿದರು. ಬೋಗುಣಿಯಂಥ ಯಂತ್ರಕ್ಕೆ ಮುಖ ಕೊಟ್ಟು, ನಡುವಿನ ಚುಕ್ಕಿಯನ್ನೇ ನೋಡುತ್ತ, ಎಲ್ಲಾದರೂ ಬೆಳಕು ಮಿನುಗಿದರೆ ಗುಂಡಿ ಒತ್ತಬೇಕು. ಒಂದೊಂದೇ ಕಣ್ಣಿಗೆ. ನಾನಂತೂ ನಡುವೆ ತೂಕಡಿಸಿದೆ. ರಿಪೋರ್ಟಿನಲ್ಲಿ ಬಲಗಣ್ಣಿನ ಬಲ ಅರ್ಧ, ಎಡಗಣ್ಣಿನ ಎಡ ಅರ್ಧ ಕಪ್ಪು. ಆಮೇಲೆಯೇ ಎಂಆರ್‌ಐ, ಅದರಲ್ಲಿ ಗಡ್ಡೆ ಕಂಡಿತು.

ಪಿಟ್ಯುಟರಿ ಅನ್ನೋದು ಮೂಗಿನ ಹಿಂದೆ, ಮಿದುಳಿನ ಬುಡದಲ್ಲಿರುವ ಬಟಾಣಿಯಷ್ಟು ಗ್ರಂಥಿ. ಎರಡೂ ಕಣ್ಣಿನ ನರಗಳು ಅದರ ನೆತ್ತಿಯ ಮೇಲೆಯೇ ಕೂಡುತ್ತವೆ. ಅಲ್ಲಿ ಸುಮಾರು ಅರ್ಧ ಎಳೆಗಳು ಆಚೆಯಿಂದ ಈಚೆಗೆ ದಾಟುತ್ತವೆ. ಹೊರಬದಿಯ ನೋಟ ಹೊತ್ತು ತರುವುದು ಅವೇ. ಗಡ್ಡೆ ಕೆಳಗಿನಿಂದ ಒತ್ತಿದಾಗ ಮೊದಲ ಪೆಟ್ಟು ಅವಕ್ಕೆ. ಸಾಮಾನ್ಯವಾಗಿ ಮೇಲಿನ ಹೊರಮೂಲೆ ಮೊದಲು ಮಸುಕಾಗುತ್ತದೆ. ನಡುವಿನ ನೋಟ ಎಷ್ಟೋ ದಿನ ನೆಟ್ಟಗಿರುತ್ತದೆ, ಬೋರ್ಡಿನಲ್ಲಿ ಪರೀಕ್ಷೆ ಆಗೋದು ಅದೊಂದೇ. 1 ಸೆಂ.ಮೀ.ಗಿಂತ ಸಣ್ಣ ಗಡ್ಡೆ ಸಾಮಾನ್ಯವಾಗಿ ನರದ ತನಕ ಬರುವುದಿಲ್ಲ. ನಿಮ್ಮದು 1.8, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಇವು ಬಹುಪಾಲು ಕ್ಯಾನ್ಸರ್ ಅಲ್ಲ. ರಕ್ತದಲ್ಲಿ ಹಾರ್ಮೋನ್ ನೋಡಿಸಿ. ಪ್ರೊಲ್ಯಾಕ್ಟಿನ್ ಅನ್ನೋ ಎದೆಹಾಲಿನ ಹಾರ್ಮೋನ್ ಸುರಿಸುವ ಗಡ್ಡೆಯಾದರೆ ಎಷ್ಟೋ ಜನಕ್ಕೆ ಕ್ಯಾಬರ್ಗೊಲಿನ್ ಮಾತ್ರೆಗೇ ಕುಗ್ಗುತ್ತದೆ. ನನ್ನದು ಆ ಜಾತಿಯಲ್ಲ. ಬೆಂಗಳೂರಿನಲ್ಲಿ ಮೂಗಿನೊಳಗಿಂದಲೇ ತೆಗೆದರು. ಎರಡನೇ ದಿನ ತಲೆ ತಿರುಗಿಸದೆ ಪಕ್ಕದ ಮಂಚದ ಅಜ್ಜ ಕಂಡರು, ಅಳು ಬಂತು. ಎಡಗಣ್ಣಿನ ಮೇಲಿನ ಮೂಲೆ ಮಾತ್ರ ಇನ್ನೂ ಮಬ್ಬು. ಜಾಸ್ತಿ ದಿನ ಒತ್ತಿದ್ದರೆ ನರ ಸೊರಗಿರುತ್ತದೆ, ಪೂರ್ತಿ ವಾಪಸ್ ಬರೋದು ಕಷ್ಟ. ನರದ ಪದರ ಎಷ್ಟು ಉಳಿದಿದೆ ಅಂತ ಓಸಿಟಿ ಅನ್ನೋ ಕಣ್ಣಿನ ಸ್ಕ್ಯಾನ್‌ನಲ್ಲಿ ತಿಳಿಯುತ್ತದೆ.

ಇದ್ದಕ್ಕಿದ್ದಂತೆ ಸಿಡಿಯುವ ತಲೆನೋವು, ವಾಂತಿ, ಒಂದು ಎರಡಾಗಿ ಕಾಣೋದು, ರೆಪ್ಪೆ ಜೋತು ಬೀಳೋದು ಆದರೆ ಗಡ್ಡೆಯೊಳಗೆ ರಕ್ತ ಸೋರಿರಬಹುದು. ಆಗ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೋಗಿ.

ಫೀಲ್ಡ್ ಟೆಸ್ಟ್ ಆಗುವ ತನಕ ಬೈಕ್ ಕೀ ಮನೆಯವರ ಹತ್ತಿರ ಇರಲಿ.