ಸುಮ್ನೆ ಕೂತು ನೋಡೋದು ಸಂಶೋಧನೆ ಆಗುತ್ತಾ?

ಪತ್ರ: ಸರ್, ನಾನು ಮನಃಶಾಸ್ತ್ರದ ವಿದ್ಯಾರ್ಥಿನಿ. ಪ್ರಾಜೆಕ್ಟಿಗಾಗಿ ನವನಗರದ ಒಂದು ಅಂಗನವಾಡಿಯಲ್ಲಿ ಮಕ್ಕಳ ಆಟ ನೋಡಿ ಬರೆದುಕೊಳ್ಳುತ್ತಿದ್ದೇನೆ. "ಪ್ರಶ್ನೆ ಕೇಳೋದಿಲ್ಲ, ಪ್ರಯೋಗ ಮಾಡೋದಿಲ್ಲ, ಸುಮ್ನೆ ಕೂತು ನೋಡೋದು ಸಂಶೋಧನೆ ಆಗುತ್ತಾ?" ಅಂತ ನಮ್ಮ ಅಣ್ಣ ಕೇಳುತ್ತಾನೆ. ಮಕ್ಕಳ ಜೊತೆ ನಾನೂ ಆಡಬಹುದಾ? ಒಂದು ಪುಟ ಕಳಿಸಿದ್ದೇನೆ, ನೋಡಿ ಹೇಳಿ.
— ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಆಗುತ್ತೆ, ಖಂಡಿತ ಆಗುತ್ತೆ. ನಿಮ್ಮ ಪುಟವನ್ನು ಎರಡು ಸಲ ಓದಿದೆ. ಒಂದು ಸಾಲಿನ ಹತ್ತಿರ ಮಾತ್ರ ನಿಂತುಬಿಟ್ಟೆ. "ಕೆಂಪು ಫ್ರಾಕಿನ ಹುಡುಗಿ ನಾಚಿಕೆ ಸ್ವಭಾವದವಳು, ಯಾರ ಜೊತೆಗೂ ಸೇರುವುದಿಲ್ಲ." ಇದು ನೀವು ಕಂಡದ್ದಲ್ಲ, ನಿಮಗೆ ಅನ್ನಿಸಿದ್ದು. ಕಂಡದ್ದು ಅದೇ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿದೆ: "ಬಾಗಿಲ ಹತ್ತಿರ ನಿಂತಿದ್ದಾಳೆ. ಫ್ರಾಕಿನ ತುದಿ ಬಾಯಲ್ಲಿದೆ. ಹುಣಸೆ ಬೀಜ ಆಡುವವರನ್ನೇ ನೋಡುತ್ತಿದ್ದಾಳೆ. ಒಂದು ಬೀಜ ಉರುಳಿ ಬಂತು, ಎತ್ತಿ ಕೊಟ್ಟಳು." ಎಷ್ಟು ಒಳ್ಳೆಯ ಸಾಲುಗಳು! ನಾಚಿಕೆ ಅಂತ ಬರೆದು ಮುಗಿಸಿದರೆ ಆ ಬೀಜ ಎತ್ತಿ ಕೊಟ್ಟದ್ದು ಕಳೆದುಹೋಗುತ್ತದೆ, ಅಲ್ವಾ?

ಅಮೆರಿಕದ ಮಿನ್ನೆಸೋಟಾದಲ್ಲಿ ಮಿಲ್ಡ್ರೆಡ್ ಪಾರ್ಟೆನ್ ಅನ್ನುವವರು ಶಿಶುವಿಹಾರದ ಮಕ್ಕಳನ್ನು ಹೀಗೇ ಕೂತು ನೋಡಿದರು. ಒಂದೊಂದು ಮಗುವನ್ನು ಸರದಿಯಂತೆ ಒಂದೊಂದು ನಿಮಿಷ ನೋಡುವುದು, ಆ ನಿಮಿಷದಲ್ಲಿ ಅದು ಏನು ಮಾಡಿತೋ ಅಷ್ಟನ್ನೇ ಬರೆಯುವುದು. 1932ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಆರು ಬಗೆಗಳಿವೆ. ಒಂಟಿಯಾಗಿ ಆಡುವುದು ಒಂದು, ಪಕ್ಕಪಕ್ಕ ಕೂತು ತಮ್ಮತಮ್ಮ ಪಾಡಿಗೆ ಆಡುವುದು ಇನ್ನೊಂದು. ಆಡುವವರನ್ನು ನೋಡುತ್ತ ನಿಲ್ಲುವುದಕ್ಕೂ ಅವರು ಒಂದು ಬಗೆಯನ್ನೇ ಕೊಟ್ಟಿದ್ದಾರೆ. ಏನೂ ಮಾಡದೆ ಇರುವುದು ಬೇರೆ, ನೋಡುತ್ತ ನಿಲ್ಲುವುದು ಬೇರೆ. ನಿಮ್ಮ ಕೆಂಪು ಫ್ರಾಕಿನ ಹುಡುಗಿ ಅಲ್ಲಿ ನಿಂತಿದ್ದಾಳೆ.

ಏನನ್ನು ಎಣಿಸಬೇಕು ಅನ್ನುವುದನ್ನು ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಿ. ಬೆಳಗಾವಿಯ ನಮ್ಮ ಓಣಿಯಲ್ಲಿ ನಾನೂ ನನ್ನ ಸಹೋದ್ಯೋಗಿಯೂ ಒಂದು ಸಂಜೆ ಕಟ್ಟೆ ಮೇಲೆ ಕೂತು, ಗೋಲಿ ಆಡುವ ಹುಡುಗರು ಎಷ್ಟು ಸಲ ಜಗಳ ಮಾಡುತ್ತಾರೆ ಅಂತ ಅರ್ಧ ಗಂಟೆ ಎಣಿಸಿದೆವು. ನನ್ನ ಲೆಕ್ಕ ಹನ್ನೊಂದು, ಅವರದ್ದು ನಾಲ್ಕು. ಜೋರು ಮಾತು ಬಂದರೆ ಸಾಕು ನಾನು ಗೀಟು ಹಾಕಿದ್ದೆ. ಕೈ ಮಾಡಿದರೆ ಮಾತ್ರ ಅವರು ಹಾಕಿದ್ದರು. ಅದಕ್ಕೇ ಇಬ್ಬರು ಬೇರೆಬೇರೆ ಕೂತು ಬರೆದು, ಆಮೇಲೆ ಲೆಕ್ಕ ಹೋಲಿಸಿ ನೋಡುವ ಪದ್ಧತಿ ಇದೆ. ನಿಮ್ಮ ಗೆಳತಿಯೊಬ್ಬರನ್ನು ಒಂದೆರಡು ದಿನ ಕರೆದುಕೊಂಡು ಹೋಗಿ.

ನೀವು ಮಾಡುತ್ತಿರುವುದು ಸಹಜ ವೀಕ್ಷಣೆ. ಮಕ್ಕಳು ಇದ್ದಲ್ಲೇ ಇದ್ದಹಾಗೆ ನೋಡುವುದು. ಇನ್ನೊಂದು, ಎಲ್ಲರಿಗೂ ಒಂದೇ ಸನ್ನಿವೇಶ ಒದಗಿಸಿ ನೋಡುವುದು. ತಾಯಿ-ಮಗುವಿನ ನಂಟನ್ನು ಅಧ್ಯಯನ ಮಾಡಿದ ಮನಃಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಮಾಡಿದ್ದು ಇದನ್ನೇ. ವರ್ಷದ ಕೂಸು ತಾಯಿಯ ಜೊತೆ ಹೊಸ ಕೋಣೆಗೆ ಬರುತ್ತದೆ. ಅಪರಿಚಿತರೊಬ್ಬರು ಬರುತ್ತಾರೆ, ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಮತ್ತೆ ಬರುತ್ತಾಳೆ. ಹೀಗೆ ಎಂಟು ಹಂತ, ಎಲ್ಲ ಸೇರಿ ಸುಮಾರು ಇಪ್ಪತ್ತು ನಿಮಿಷ. ಕೂಸು ಎಷ್ಟು ಅತ್ತಿತು ಅನ್ನುವುದಕ್ಕಿಂತ, ತಾಯಿ ವಾಪಸ್ ಬಂದಾಗ ಏನು ಮಾಡಿತು ಅನ್ನುವುದೇ ಅವರಿಗೆ ಮುಖ್ಯವಾಗಿತ್ತು. ಪಠ್ಯಪುಸ್ತಕಗಳು ಈ ಇಪ್ಪತ್ತು ನಿಮಿಷವನ್ನಷ್ಟೇ ಹೇಳಿ ಬಿಡುತ್ತವೆ. ಅದು ನನಗೆ ಬೇಸರ. ಅದಕ್ಕೂ ಮೊದಲು ಅವರು ಉಗಾಂಡಾದ ಹಳ್ಳಿಮನೆಗಳಲ್ಲಿ ಕೂತು ತಾಯಿ-ಮಕ್ಕಳನ್ನು ನೋಡಿದ್ದರು. ಆಮೇಲೆ ಅಮೆರಿಕದ ಬಾಲ್ಟಿಮೋರಿನಲ್ಲಿ 26 ಮನೆಗಳಿಗೆ ಅವರ ತಂಡ ಸುಮಾರು ಮೂರು ವಾರಕ್ಕೊಮ್ಮೆ ಹೋಗಿ, ಪ್ರತಿ ಸಲ ನಾಲ್ಕು ಗಂಟೆ ಕೂತು ಬರುತ್ತಿತ್ತು. ಆ ಕೋಣೆಯಲ್ಲಿ ಕಂಡದ್ದಕ್ಕೆ ಅರ್ಥ ಸಿಕ್ಕಿದ್ದು ಮನೆಯಲ್ಲಿ ಕಂಡದ್ದರಿಂದ. ಇದನ್ನು ನಿಮ್ಮ ಅಣ್ಣನಿಗೆ ಹೇಳಿ.

ಇನ್ನು, ನೀವೂ ಆಡಬಹುದಾ ಅನ್ನುವ ಪ್ರಶ್ನೆ. ಆಡಬಹುದು. ಒಳಗೆ ಸೇರಿ ನೋಡುವುದೂ ಒಂದು ವಿಧಾನವೇ. ಆದರೆ ಆಗ ಆಟವೇ ಬದಲಾಗುತ್ತದೆ. 1954ರಲ್ಲಿ ಅಮೆರಿಕದಲ್ಲಿ, ಡಿಸೆಂಬರ್ 21ಕ್ಕೆ ಮಹಾಪ್ರಳಯ ಬರುತ್ತದೆ ಅಂತ ನಂಬಿದ ಒಂದು ಗುಂಪಿತ್ತು. ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಗಾರರ ತಂಡ ಭಕ್ತರ ವೇಷದಲ್ಲಿ ಅದರೊಳಗೆ ಸೇರಿತು. ಹೊಸಬರು ತಾವಾಗಿಯೇ ಬಂದದ್ದನ್ನು ಕಂಡು ಗುಂಪಿನವರ ನಂಬಿಕೆ ಮತ್ತಷ್ಟು ಗಟ್ಟಿಯಾಯಿತು. ಸುಳ್ಳು ಹೇಳಿ ಒಳಗೆ ಹೋಗುವುದು ಸರಿಯಲ್ಲ ಅಂತಲೇ ನಾನು ಹೇಳುತ್ತೇನೆ. ನೀವು ಮೊದಲು ಹೊರಗಿನಿಂದ ನೋಡಿ ಮುಗಿಸಿ. ಆಡುವುದಾದರೆ ಬೇರೆ ದಿನ ಆಡಿ, ಆ ದಿನದ ಟಿಪ್ಪಣಿ ಬೇರೆ ಇಡಿ.

ಮೊದಲ ಕೆಲವು ದಿನ ಮಕ್ಕಳು ನಿಮ್ಮ ನೋಟ್‌ಬುಕ್ಕನ್ನೇ ನೋಡುತ್ತಿರುತ್ತಾರೆ. ಆ ಪುಟಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. "ಮೊಬೈಲ್ ಜಾಸ್ತಿ ನೋಡುವುದರಿಂದಲೇ ಈ ಹುಡುಗ ಹೊಡೆಯುತ್ತಾನೆ" ಅಂತ ಕೊನೆಗೆ ಬರೆದಿದ್ದೀರಿ. ಅದನ್ನು ಹೊಡೆದುಹಾಕಿ. ಹೊಡೆದದ್ದು ಕಣ್ಣಿಗೆ ಕಂಡಿತು, ಕಾರಣ ಕಂಡಿಲ್ಲ.

ಅಂಗನವಾಡಿ ಅಕ್ಕೋರನ್ನು ಕೇಳಿದ್ದೀರಿ, ಸರಿ. ತಂದೆತಾಯಿಯರನ್ನೂ ಕೇಳಿ. ಮಕ್ಕಳ ಹೆಸರಿನ ಬದಲು ಅಂಕಿ ಹಾಕಿ. ಆ ಹುಡುಗಿಯನ್ನು ಇನ್ನೂ ಎರಡು ವಾರ, ದಿನಕ್ಕೆ ಕೆಲವು ನಿಮಿಷ ನೋಡಿ. ಬಾಗಿಲಿನಿಂದ ಬೀಜದ ಆಟದವರೆಗೆ ಎಷ್ಟು ಹೆಜ್ಜೆ ಅಂತಲೂ ಬರೆದುಕೊಳ್ಳಿ. ಮುಂದಿನ ಪುಟ ನನಗೆ ಕಳಿಸಿ.