ಬಿರುಕು ಬಿಟ್ಟ ಹಳೆಯ ಬಾಚಣಿಗೆಯನ್ನು ಡಬ್ಬಿಯಲ್ಲಿ ಮುಚ್ಚಿಡಬಹುದಾ?

ದಯವಿಟ್ಟು ಗಾಳಿಯಾಡದ ಡಬ್ಬಿಯಲ್ಲಿ ಮಾತ್ರ ಇಡಬೇಡಿ. ಬಾಚಣಿಗೆ ಹಳದಿಯಾಗಿ ಬಿರುಕು ಬಿಟ್ಟಿದೆ, ಪಕ್ಕದ ಹಿತ್ತಾಳೆ ಪಿನ್ನು ಹಸಿರುಗಟ್ಟಿದೆ ಅಂದಿದ್ದೀರಿ. ಅದು ಸೆಲ್ಯುಲಾಯ್ಡ್ ಇರಬೇಕು, ಅಂದರೆ ಸೆಲ್ಯುಲೋಸ್ ನೈಟ್ರೇಟಿಗೆ ಕರ್ಪೂರ ಬೆರೆಸಿದ ಪ್ಲಾಸ್ಟಿಕ್. ಬೆರಳಿನಿಂದ ಸ್ವಲ್ಪ ಉಜ್ಜಿದರೆ ಕರ್ಪೂರದ ವಾಸನೆ ಬರಬಹುದು. ವಿನೆಗರ್ ವಾಸನೆ ಬಂದರೆ ಸೆಲ್ಯುಲೋಸ್ ಅಸಿಟೇಟ್ ಇರುವ ಸಾಧ್ಯತೆ ಜಾಸ್ತಿ. ಬೆಂಕಿ ಹಚ್ಚಿ ಪರೀಕ್ಷೆ ಮಾತ್ರ ಬೇಡವೇ ಬೇಡ, ನೈಟ್ರೇಟ್ ಭಗ್ ಅಂತ ಹೊತ್ತಿಕೊಳ್ಳುತ್ತದೆ.

ಹಾಳಾಗುತ್ತಾ ಹೋದ ಹಾಗೆ ಸೆಲ್ಯುಲಾಯ್ಡ್ ನೈಟ್ರೋಜನ್ ಆಕ್ಸೈಡ್ ಅನಿಲ ಬಿಡುತ್ತದೆ. ಅದು ತೇವದ ಜೊತೆ ಸೇರಿ ನೈಟ್ರಿಕ್ ಆಮ್ಲವಾಗುತ್ತದೆ. ಆ ಆಮ್ಲ ಪಿನ್ನನ್ನೂ ತಿನ್ನುತ್ತದೆ, ಬಾಚಣಿಗೆಯನ್ನೂ ಇನ್ನಷ್ಟು ಬೇಗ ಕೆಡಿಸುತ್ತದೆ. ಮುಚ್ಚಿಟ್ಟರೆ ಅನಿಲ ಒಳಗೇ ಉಳಿಯುತ್ತದೆ, ಅಲ್ವಾ? ಹಾಗಾಗಿ ಆಮ್ಲರಹಿತ ಕಾಗದ ಹಾಸಿ, ತಂಪಾದ, ಒಣಗಿದ, ಗಾಳಿಯಾಡುವ ಕತ್ತಲೆ ಜಾಗದಲ್ಲಿ ಬೇರೆಯಾಗಿಡಿ. ಲೋಹ, ಬಟ್ಟೆ, ಫೋಟೋ ಯಾವುದೂ ಹತ್ತಿರ ಇರಬಾರದು.

ಹಿಂದೆ ಒಡೆದ ಮಡಕೆ ಅಂಟಿಸುವುದಕ್ಕೂ ಬೆಳ್ಳಿ ಕಪ್ಪಾಗದಂತೆ ಲೇಪಿಸುವುದಕ್ಕೂ ಇದೇ ನೈಟ್ರೇಟನ್ನು ಹಳೆಯ ವಸ್ತುಗಳ ಸಂರಕ್ಷಕರು ಬಳಸುತ್ತಿದ್ದರು. ಈಗ ಅಂಟಿಗೆ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ ಮೇಲು. ಆದರೆ ನಿಮ್ಮ ಬಾಚಣಿಗೆಗೆ ಅದನ್ನು ಹಚ್ಚಬೇಡಿ. ಅದರಲ್ಲಿರುವ ಅಸಿಟೋನ್ ಸೆಲ್ಯುಲಾಯ್ಡನ್ನೇ ಕರಗಿಸುತ್ತದೆ.