ಕಾರಿಗೆ ಲೋವರಿಂಗ್ ಸ್ಪ್ರಿಂಗ್ ಹಾಕಿಕೊಂಡು ದಿನಾ ಓಡಿಸಬಹುದಾ? ಹಂಪ್‌ನಲ್ಲಿ ತಳ ಬಡಿಯುತ್ತಾ?

ಸಣ್ಣ ಹ್ಯಾಚ್‌ಬ್ಯಾಕ್, ಕಾರಿನ ಎತ್ತರವನ್ನು 35 ಮಿ.ಮೀ. ಇಳಿಸುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕಂಪನಿದೇ ಇರಲಿ, ಫಿಟ್ಟಿಂಗ್ ಮನೆಯಲ್ಲೇ ಅಂತ ಬರೆದಿದ್ದೀರಿ. ನಿಮ್ಮ ಪ್ರಶ್ನೆ ಓದಿ, ಇದನ್ನು ಆರು ವರ್ಷದ ಹಿಂದೆ ನಾನೇ ಬರೆದು ಮರೆತುಬಿಟ್ಟಿದ್ದೆನೇನೋ ಅನ್ನಿಸಿತು. ನಾನೂ ಆಗ ಬರೀ ಹಂಪ್ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದೆ. ಟೇಪ್ ಹಿಡಿದು ಕಂಡ ಕಂಡ ಹಂಪ್ ಅಳೆದಿದ್ದೆ. ಕೊನೆಗೆ ನನ್ನ ದುಡ್ಡು ತಿಂದದ್ದು ಹಂಪ್ ಅಲ್ಲ, ನಾಲ್ಕು ಬೋಲ್ಟು.

ಒಂದು ಶನಿವಾರ ಬೆಳಗ್ಗೆ ನಾನೂ ನನ್ನ ತಮ್ಮನೂ ಕೆಲಸಕ್ಕೆ ಇಳಿದೆವು. ಸ್ಪ್ರಿಂಗನ್ನು ಹಿಂಡಿ ಹಿಡಿಯುವ ಕಂಪ್ರೆಸರ್ ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿದ್ದೆವು. ಮುಂದಿನ ಸ್ಟ್ರಟ್‌ನಲ್ಲಿ, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಟ್ಟಿಗೆ ಇರುವ ಕಂಬದಲ್ಲಿ, ಸ್ಪ್ರಿಂಗ್ ಮೊದಲೇ ಒತ್ತಿಕೊಂಡು ಕೂತಿರುತ್ತದೆ. ಅದನ್ನು ಎರಡೂ ಕಡೆಯಿಂದ ಸಮನಾಗಿ ಹಿಂಡದೆ ಮೇಲಿನ ನಡುವಿನ ನಟ್ಟು ಬಿಚ್ಚಿದರೆ ಮುಚ್ಚಳದಂತಿರುವ ಟಾಪ್ ಮೌಂಟ್ ಮುಖಕ್ಕೇ ಹಾರುತ್ತದೆ. ಇದು ನಮಗೆ ಗೊತ್ತಿತ್ತು. ಸ್ಪ್ರಿಂಗಿನ ತುದಿ ಕೆಳಗಿನ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗಬೇಕು ಅನ್ನುವುದೂ ಗೊತ್ತಿತ್ತು. ಬ್ರೇಕ್ ಕ್ಯಾಲಿಪರ್ ಅದರ ಪೈಪಿನ ಮೇಲೆ ನೇತಾಡದ ಹಾಗೆ ತಂತಿ ಕಟ್ಟಿದ್ದೆವು. ಇಷ್ಟೆಲ್ಲ ಓದಿಕೊಂಡು ಬಂದವರು ಹೇಗೆ ಎಡವಿದೆವು ನೋಡಿ.

ಸ್ಟ್ರಟ್ ಹೊರಗೆ ಎಳೆಯಲು ಜಾಗ ಸಾಲಲಿಲ್ಲ. ಲೋವರ್ ಆರ್ಮ್ (ಚಕ್ರವನ್ನು ಕೆಳಗಡೆಯಿಂದ ಕಾರಿನ ಚೌಕಟ್ಟಿಗೆ ಜೋಡಿಸುವ ತೋಳು) ಇನ್ನಷ್ಟು ಕೆಳಗೆ ಬಾಗಲಿ ಅಂತ ಅದರ ಒಳತುದಿಯ ಎರಡು ಬೋಲ್ಟುಗಳನ್ನು ತಮ್ಮ ಸಡಿಲ ಮಾಡಿದ. ಎಡಕ್ಕೆ ಎರಡು, ಬಲಕ್ಕೆ ಎರಡು. ಕೆಲಸ ಸಲೀಸಾಯಿತು. ಹೊಸ ಸ್ಪ್ರಿಂಗ್ ಕೂರಿಸಿದೆವು. ಆಮೇಲೆ ಕಾರು ಇನ್ನೂ ಸ್ಟ್ಯಾಂಡ್ ಮೇಲೆ ಇರುವಾಗಲೇ, ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿರುವಾಗಲೇ, ನಾನು, ಬೇಕಾದಷ್ಟು ಬಿಗಿಯಾದಾಗ ಟಕ್ ಅನ್ನುವ ಟಾರ್ಕ್ ರೆಂಚ್ ತಗೊಂಡು ಆ ನಾಲ್ಕೂ ಬೋಲ್ಟುಗಳನ್ನು ಪುಸ್ತಕದಲ್ಲಿ ಇದ್ದಷ್ಟೇ ಬಿಗಿ ಮಾಡಿದೆ. ಪ್ರತಿ ಸಲ ರೆಂಚ್ ಟಕ್ ಅಂದಾಗ ಒಳಗೊಳಗೇ ಬೀಗಿದೆ. ಗ್ಯಾರೇಜಿನವರು ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಾರಾ ಅಂತ ತಮ್ಮನಿಗೆ ಹೇಳಿದ್ದೂ ನೆನಪಿದೆ.

ಸಂಜೆ ಕಾರು ಕೆಳಗಿಳಿಸಿದೆವು. ಅಪ್ಪ ಹೊರಗೆ ಬಂದು ಒಂದು ಸುತ್ತು ಹಾಕಿ, "ನಾಲ್ಕೂ ಟೈರಲ್ಲಿ ಗಾಳಿ ಇಳಿದಿದೆಯೇನೋ?" ಅಂದರು. ನಾವಿಬ್ಬರೂ ನಕ್ಕೆವು. ಆದರೆ ಸರಿಯಾಗಿ ನೋಡಿದರೆ ಏನೋ ಎಡವಟ್ಟಾಗಿತ್ತು. ಹಿಂದುಗಡೆ ಹೇಳಿದಂತೆ 35 ಮಿ.ಮೀ. ಇಳಿದಿತ್ತು. ಮುಂದೆ ಬರೀ 20. ಡಿಕ್ಕಿಯಲ್ಲಿ ಮೂಟೆ ಹೇರಿದ ಹಾಗೆ ಬಾಲ ಕೂತು, ಮೂತಿ ಎತ್ತಿಕೊಂಡಿತ್ತು. ಹೆಡ್‌ಲೈಟ್ ಮೇಲಕ್ಕೆ ಹೊಡೆಯುತ್ತಿದ್ದರಿಂದ ರಾತ್ರಿ ಎದುರಿಗೆ ಬರುವವರೆಲ್ಲ ಡಿಪ್ ಮಾಡು ಅಂತ ಲೈಟ್ ಮಿಣುಕಿಸುತ್ತಿದ್ದರು. ಕೇಳಿದವರೆಲ್ಲ "ಹೊಸ ಸ್ಪ್ರಿಂಗ್ ಅಲ್ವಾ, ಸೆಟ್ ಆಗುತ್ತೆ, ಕಾಯಿ" ಅಂದರು. ಕಾದೆ. ಅಷ್ಟರಲ್ಲಿ ವೀಲ್ ಅಲೈನ್‌ಮೆಂಟ್ ಕೂಡ ಮಾಡಿಸಿದೆ.

ಎರಡು ತಿಂಗಳಿಗೆ ಮೂತಿ ಇಳಿಯಿತು. ನಿಜಕ್ಕೂ ಸೆಟ್ ಆಯಿತು ಅಂತ ಖುಷಿಪಟ್ಟೆ. ಅದಾದ ಮೇಲೆ ಬ್ರೇಕ್ ಒತ್ತಿದರೆ ಮುಂದಿನಿಂದ ಢಕ್ ಅನ್ನುವ ಸದ್ದು ಬರತೊಡಗಿತು. ಜೋರಾಗಿ ಬ್ರೇಕ್ ಹಾಕಿದರೆ ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು. ಒಂದು ದಿನ ಸ್ಟೇರಿಂಗ್ ಪೂರ್ತಿ ತಿರುಗಿಸಿ ಕಾರು ನಿಲ್ಲಿಸಿದ್ದೆ, ಆಗ ಟೈರಿನ ಒಳ ಅಂಚು ಕಣ್ಣಿಗೆ ಬಿತ್ತು. ಹೊರಗಡೆ ಪಟ್ಟೆಗಳು ಹೊಸದರಂತಿವೆ, ಒಳಗಡೆ ಬೋಳು ತಲೆಯ ಹಾಗೆ ನುಣ್ಣಗೆ ಹೊಳೆಯುತ್ತಿದೆ. ಎರಡೂ ಮುಂದಿನ ಟೈರ್.

ಗ್ಯಾರೇಜಿನಲ್ಲಿ ಕಾರು ಮೇಲೆತ್ತಿದ ಮೆಕ್ಯಾನಿಕ್ ಒಂದು ಕಬ್ಬಿಣದ ಸಲಾಕೆ ತಗೊಂಡು ಲೋವರ್ ಆರ್ಮ್‌ನ ಒಳತುದಿಯ ರಬ್ಬರ್ ಬುಷ್ ಪಕ್ಕ ಮೀಟಿದ. ರಬ್ಬರ್ ಬಾಯಿ ಬಿಟ್ಟಿತು. ಅವನು ಕೇಳಿದ್ದು ಒಂದೇ ಮಾತು: "ಬೋಲ್ಟ್ ಬಿಗಿ ಮಾಡುವಾಗ ಚಕ್ರ ಎಲ್ಲಿತ್ತು ಸಾರ್? ನೆಲದ ಮೇಲಾ, ಗಾಳೀಲಾ?"

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಾಸ್ತಿ ಆಯಿತು ಅನ್ನಿಸಿದರೂ ಓದಿ.

ಲೋವರ್ ಆರ್ಮ್ ಬಾಗಿಲಿನ ಕೀಲಿನ ಹಾಗೆ ತಿರುಗುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗೆ ತಿರುಗುವುದಿಲ್ಲ. ಬುಷ್ ಅಂದರೆ ಒಳಗೊಂದು ಕಬ್ಬಿಣದ ಕೊಳವೆ, ಹೊರಗೊಂದು ಕೊಳವೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಹೊರಗಿನ ಕೊಳವೆ ಆರ್ಮ್‌ಗೆ ಬಿಗಿಯಾಗಿ ಕೂತಿರುತ್ತದೆ. ಒಳಗಿನದನ್ನು ಬೋಲ್ಟು ಕಾರಿನ ಚೌಕಟ್ಟಿಗೆ ಅದುಮಿ ಹಿಡಿದಿರುತ್ತದೆ. ಬೋಲ್ಟ್ ಬಿಗಿಯಾದ ಮೇಲೆ ಎಲ್ಲೂ ಏನೂ ಜಾರುವುದಿಲ್ಲ. ಚಕ್ರ ಮೇಲೆ ಕೆಳಗೆ ಆದಷ್ಟೂ ರಬ್ಬರ್ ತಾನೇ ತಿರುಚಿಕೊಳ್ಳುತ್ತದೆ, ಮತ್ತೆ ವಾಪಸ್ ಬರುತ್ತದೆ. ಹಾಗಾಗಿ ಬೋಲ್ಟ್ ಬಿಗಿ ಮಾಡಿದ ಕ್ಷಣದಲ್ಲಿ ಆರ್ಮ್ ಯಾವ ಕೋನದಲ್ಲಿತ್ತೋ ಅದೇ ರಬ್ಬರಿಗೆ ಆರಾಮದ ಜಾಗ.

ನಾನು ಬಿಗಿ ಮಾಡಿದಾಗ ಚಕ್ರ ಪೂರ್ತಿ ಕೆಳಗೆ ನೇತಾಡುತ್ತಿತ್ತು. ಲೆಕ್ಕ ಹಾಕಿ. ನೇತಾಡುವ ಚಕ್ರ ಕಂಪನಿ ಎತ್ತರಕ್ಕಿಂತ 80 ಮಿ.ಮೀ. ಕೆಳಗಿದೆ ಅಂದುಕೊಳ್ಳಿ. ನನ್ನ ಸ್ಪ್ರಿಂಗ್ ಕಾರನ್ನು 35 ಇಳಿಸುತ್ತದೆ. ಅಂದರೆ ಕಾರು ನೆಲಕ್ಕೆ ಬಂದಾಗ ಆರ್ಮ್‌ನ ಹೊರತುದಿ 115 ಮಿ.ಮೀ. ಮೇಲೆ ಹೋಗಬೇಕು. ಆರ್ಮ್ ಉದ್ದ 350 ಅಂತ ಇಟ್ಟುಕೊಂಡರೆ ಅದು ಸುಮಾರು 19 ಡಿಗ್ರಿ ತಿರುವು. ಕಾರು ಸುಮ್ನೆ ನಿಂತಿದ್ದಾಗಲೇ ರಬ್ಬರ್ 19 ಡಿಗ್ರಿ ಹಿಂಡಿಕೊಂಡು ನಿಂತಿದೆ, ಒದ್ದೆ ಬಟ್ಟೆಯನ್ನು ಹಿಂಡಿ ಹಾಗೇ ಹಿಡಿದುಕೊಂಡ ಹಾಗೆ. ಅದರ ಮೇಲೆ ಪ್ರತಿ ಗುಂಡಿ, ಪ್ರತಿ ಹಂಪ್ ಇನ್ನಷ್ಟು ಹಿಂಡುತ್ತದೆ. ಹರಿಯದೆ ಇನ್ನೇನು ಮಾಡೀತು?

ಮೂತಿ ಇಳಿಯದೆ ಇದ್ದದ್ದೂ ಇದಕ್ಕೇ. ತಿರುಚಿದ ರಬ್ಬರ್ ಇನ್ನೊಂದು ಸ್ಪ್ರಿಂಗ್ ಆಗಿ ಕಾರನ್ನು ಮೇಲಕ್ಕೆ ಒತ್ತಿ ಹಿಡಿದಿತ್ತು. ನಾನು ಆ ಸುಳ್ಳು ಎತ್ತರದಲ್ಲಿ ಅಲೈನ್‌ಮೆಂಟ್ ಮಾಡಿಸಿದೆ. ರಬ್ಬರ್ ಹರಿಯುತ್ತಾ ಬಂದಾಗ ಎತ್ತರ ಬದಲಾಯಿತು, ಎತ್ತರದ ಜೊತೆ ಟೋ, ಅಂದರೆ ಚಕ್ರ ನೇರಕ್ಕೆ ನೋಡುತ್ತಿದೆಯೋ ಸೊಟ್ಟವೋ ಅನ್ನುವುದು, ಬದಲಾಯಿತು. ಲೋವರ್ ಮಾಡಿದ ಕಾರಿನ ಚಕ್ರ ಮೇಲ್ಗಡೆ ಒಳಕ್ಕೆ ವಾಲುವುದು ನೋಡಿ ಎಲ್ಲರೂ ಕ್ಯಾಂಬರ್ ಟೈರ್ ತಿನ್ನುತ್ತೆ ಅನ್ನುತ್ತಾರೆ. ಸ್ವಲ್ಪ ತಿನ್ನುತ್ತದೆ, ನಿಜ. ಆದರೆ ಟೈರನ್ನು ಬೇಗ ಮುಗಿಸುವುದು ಟೋ. ಚಕ್ರ ಸ್ವಲ್ಪ ಸೊಟ್ಟ ನೋಡುತ್ತಿದ್ದರೆ ಪ್ರತಿ ಮೀಟರ್ ಓಟದಲ್ಲೂ ಟೈರ್ ಅಡ್ಡಕ್ಕೆ ಉಜ್ಜುತ್ತಲೇ ಇರುತ್ತದೆ. ಎರಡು ಆರ್ಮ್, ಎರಡು ಟೈರ್, ಎರಡನೇ ಸಲ ಅಲೈನ್‌ಮೆಂಟ್. ಸ್ಪ್ರಿಂಗಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ಇದಕ್ಕೆ ಹೋಯಿತು.

ಸರಿಯಾದ ದಾರಿ ತುಂಬಾ ಸುಲಭ, ಅದಕ್ಕೇ ಹೊಟ್ಟೆ ಉರಿಯುವುದು. ಆ ಬೋಲ್ಟುಗಳನ್ನು ಕೈಬಿಗಿಗೆ ಮಾತ್ರ ಹಾಕಿ. ಚಕ್ರ ಹಾಕಿ ಕಾರು ಕೆಳಗಿಳಿಸಿ. ಹಿಂದಕ್ಕೆ ಮುಂದಕ್ಕೆ ಒಂದೆರಡು ಮೀಟರ್ ತಳ್ಳಿ, ಬಾನೆಟ್ ಮೇಲೆ ಕೈಯಿಟ್ಟು ನಾಲ್ಕು ಸಲ ಅದುಮಿ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಗುಂಡಿ ಅಥವಾ ರ‍್ಯಾಂಪ್ ಇದ್ದರೆ ಚಕ್ರ ನೆಲದ ಮೇಲಿರುವಾಗಲೇ ಕೆಳಗಿನಿಂದ ಬಿಗಿ ಮಾಡಿ. ಇಲ್ಲದಿದ್ದರೆ ಮತ್ತೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎರಡನೇ ಜಾಕಿನಿಂದ ಆರ್ಮ್‌ನ ಹೊರತುದಿ ಎತ್ತಿ, ಬರೆದಿಟ್ಟ ಅಳತೆ ಬಂದಾಗ ಬಿಗಿ ಮಾಡಿ. ಅದು ಮುಗಿಯುವ ತನಕ ಕಾರು ರಸ್ತೆಗೆ ತರಬೇಡಿ. ನೀವು ಆ ಬೋಲ್ಟುಗಳನ್ನು ಮುಟ್ಟದೇ ಇದ್ದರೂ ಒಮ್ಮೆ ಸಡಿಲಿಸಿ ಹೀಗೆ ಬಿಗಿ ಮಾಡುವುದು ಒಳ್ಳೆಯದು. ಯಾಕೆಂದರೆ ಅವು ಹಳೆ ಎತ್ತರಕ್ಕೆ ಬಿಗಿಯಾಗಿವೆ, 35 ಮಿ.ಮೀ. ಇಳಿದರೆ ರಬ್ಬರ್ ಸುಮಾರು 6 ಡಿಗ್ರಿ ಸದಾ ತಿರುಚಿಕೊಂಡೇ ಇರುತ್ತದೆ. ಹಿಂದಿನ ಶಾಕ್‌ನ ಕೆಳಗಿನ ಬೋಲ್ಟಿಗೂ ಇದೇ ಮಾತು. ಅಲೈನ್‌ಮೆಂಟ್ ಇದೆಲ್ಲ ಆದಮೇಲೆ. ಹೆಡ್‌ಲೈಟ್ ಹೊಂದಿಸುವುದು ಅದಕ್ಕೂ ಆಮೇಲೆ.

ಇನ್ನು ಶಾಕ್ ಕಂಪನಿದೇ ಇರಲಿ ಅಂದಿದ್ದೀರಲ್ಲ, ಅದಕ್ಕೆ ನಾನು ಒಪ್ಪುವುದಿಲ್ಲ. ಕಂಪನಿ ಎತ್ತರದಲ್ಲಿ ಚಕ್ರ ಮೇಲೇರಲು 70 ಮಿ.ಮೀ. ಜಾಗ ಇತ್ತು ಅಂತ ಇಟ್ಟುಕೊಳ್ಳಿ. 35 ಇಳಿಸಿದರೆ ಅರ್ಧ ಉಳಿಯಿತು. ಅದೇ ಗುಂಡಿಯ ಏಟನ್ನು ಅರ್ಧ ಜಾಗದಲ್ಲಿ ಸ್ಪ್ರಿಂಗ್ ಒಂದೇ ತಡೆಯಬೇಕಾದರೆ ಅದು ನಾಲ್ಕು ಪಟ್ಟು ಗಟ್ಟಿ ಇರಬೇಕು. ಯಾರೂ ಅಷ್ಟು ಗಟ್ಟಿ ಸ್ಪ್ರಿಂಗ್ ಕೊಡುವುದಿಲ್ಲ, ಕೊಟ್ಟರೆ ಕೂರುವುದಕ್ಕಾಗುವುದಿಲ್ಲ. ಉಳಿದ ಏಟು ಬಂಪ್ ಸ್ಟಾಪ್ ಮೇಲೆ, ಅಂದರೆ ಓಟದ ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿನ ಮೇಲೆ, ಬೀಳುತ್ತದೆ. ಹಳೆಯ ಶಾಕ್ ಆದರೆ ಗಟ್ಟಿ ಸ್ಪ್ರಿಂಗನ್ನು ಹಿಡಿದು ನಿಲ್ಲಿಸುವ ದಮ್ಮೂ ಅದಕ್ಕಿರುವುದಿಲ್ಲ. ನನ್ನ ಕಾರಿನ ಶಾಕ್ ಒಂದು ವರ್ಷದೊಳಗೆ ಎಣ್ಣೆ ಕಾರಿತು. ಒಳಗಿನ ಕಡ್ಡಿಯ ಓಟ ಗಿಡ್ಡ ಇರುವ ಶಾಕ್ ಸಮೇತ ಹಾಕಿಸಿ, ಇಲ್ಲದಿದ್ದರೆ ದುಡ್ಡು ಕೂಡುವ ತನಕ ಕಾಯಿರಿ. ಸ್ಪ್ರಿಂಗನ್ನೇ ಕತ್ತರಿಸಿ ಗಿಡ್ಡ ಮಾಡುವ ಸಲಹೆ ಯಾರಾದರೂ ಕೊಟ್ಟರೆ ಅವರ ಹತ್ತಿರ ಕಾರಿನ ಮಾತೇ ಬೇಡ.

ತಿರುವಿನಲ್ಲಿ ಕಾರು ಚೆನ್ನಾಗಿ ಹಿಡಿಯುತ್ತೆ ಅನ್ನುವ ಆಸೆಯೂ ನಿಮಗಿದೆ. ಅರ್ಧ ಸತ್ಯ. ಸ್ಟ್ರಟ್ ಇರುವ ಕಾರಿನಲ್ಲಿ ಜಾಸ್ತಿ ಇಳಿಸಿದರೆ ಲೋವರ್ ಆರ್ಮ್‌ನ ಹೊರತುದಿ ಒಳತುದಿಗಿಂತ ಮೇಲೆ ಹೋಗುತ್ತದೆ. ಆಗ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಬಾಡಿ ಇಳಿದದ್ದಕ್ಕಿಂತ ಜಾಸ್ತಿ ಕೆಳಗಿಳಿಯುತ್ತದೆ. ವಾಲಿಸುವ ಸನ್ನೆ ಉದ್ದವಾದ ಹಾಗೆ. ಸ್ಪ್ರಿಂಗ್ ಗಟ್ಟಿ ಇರುವುದರಿಂದ ವಾಲುವುದು ಕಾಣುವುದಿಲ್ಲ, ಅಷ್ಟೇ. ನೋಡಲು ಚೆಂದ ಅಂತ ಇಳಿಸುತ್ತಿದ್ದೀರಾ? ಹಾಗಂತಲೇ ಹೇಳಿ. ನಾನೂ ಅದಕ್ಕೇ ಇಳಿಸಿದ್ದು, ಅದರಲ್ಲಿ ನಾಚಿಕೆ ಏನಿದೆ?

ಕಾರು ಹಳೆಯದಾಗಿದ್ದರೆ ಇನ್ನೊಂದು ನೋಡಿಕೊಳ್ಳಿ. ಕೆಲವು ಹಳೆ ಕಾರುಗಳಲ್ಲಿ ಹಿಂದಿನ ಆಕ್ಸಲ್‌ಗೆ ಒಂದು ಕಡ್ಡಿ ಸಿಕ್ಕಿಸಿ, ಭಾರ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬೇಕು ಅಂತ ತೀರ್ಮಾನಿಸುವ ವಾಲ್ವ್ ಇರುತ್ತದೆ. ಕಾರು ಇಳಿಸಿದರೆ ಅದು ಡಿಕ್ಕಿ ತುಂಬ ಸಾಮಾನು ಇದೆ ಅಂದುಕೊಂಡು ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಬಾಲ ಮುಂದೆ ಬಂದರೆ ಆಗ ಹಂಪ್ ನೆನಪಾಗುವುದಿಲ್ಲ.

ಸರಿ, ಹಂಪ್. ನನ್ನ ಕಾರಿನ ಕ್ಲಿಯರೆನ್ಸ್, ಅಂದರೆ ನೆಲದಿಂದ ತಳಕ್ಕಿರುವ ಅಂತರ, 165 ಮಿ.ಮೀ. ಇದ್ದದ್ದು 130 ಆಯಿತು. ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2,500 ಮಿ.ಮೀ. ಹೊಟ್ಟೆ ತಾಗದೆ ದಾಟಬಹುದಾದ ಉಬ್ಬಿನ ಕೋನ 15 ಡಿಗ್ರಿಯಿಂದ 12ಕ್ಕೆ ಇಳಿಯಿತು. ಕೇಳಲು ಸಣ್ಣದು. ಒಬ್ಬನೇ ಇದ್ದಾಗ ಏನೂ ತೊಂದರೆ ಇಲ್ಲ. ನಾಲ್ಕು ಜನ ಕೂತು ಡಿಕ್ಕಿ ತುಂಬಿದಾಗ ಬಾಲ ಇನ್ನಷ್ಟು ಇಳಿಯುತ್ತದೆ, ಸೈಲೆನ್ಸರ್ ಕೆರೆದು ಸದ್ದು ಮಾಡುತ್ತದೆ. ಹಂಪ್ ಏರುವ ಮೊದಲೇ ಬ್ರೇಕ್ ಮುಗಿಸಿ, ಏರುವಾಗ ಕಾಲು ತೆಗೆಯಿರಿ. ಬ್ರೇಕ್ ಒತ್ತಿಕೊಂಡೇ ಏರಿದರೆ ಮೂತಿ ಬಗ್ಗಿರುತ್ತದೆ, ಎಂಜಿನ್ ತಳದ ಆಯಿಲ್ ಚೇಂಬರ್‌ಗೆ ಏಟು ಬೀಳುವುದು ಆಗಲೇ. ಎತ್ತರದ ಹಂಪನ್ನು ಓರೆಯಾಗಿ ಒಂದೊಂದೇ ಚಕ್ರ ಹತ್ತಿಸಿ ದಾಟಿ, ಹಿಂದಿನವನು ಹಾರ್ನ್ ಹೊಡೆಯಲಿ ಬಿಡಿ. ಹಂಪ್‌ಗಿಂತ ನನ್ನನ್ನು ಕಾಡಿದ್ದು ಪಾರ್ಕಿಂಗ್‌ನಲ್ಲಿ ಚಕ್ರ ತಡೆಯಲು ಹಾಕಿರುವ ಕಾಂಕ್ರೀಟ್ ದಿಮ್ಮಿ. ಬಂಪರ್ ಅದರ ಮೇಲೆ ಸಲೀಸಾಗಿ ಹೋಗಿ ಕೂರುತ್ತದೆ, ಹಿಂದೆ ಬರುವಾಗ ಕಿತ್ತುಕೊಂಡು ಬರುತ್ತದೆ. ಎರಡು ಸಲ ಆಗಿದೆ.

ದಿನಾ ನಾಲ್ಕು ಜನ ಓಡಾಡುವ ಕಾರಾದರೆ ಇಳಿಸಲೇಬೇಡಿ ಅನ್ನುತ್ತೇನೆ. ಒಬ್ಬರೇ ಓಡಿಸುವುದಾದರೆ 25 ಮಿ.ಮೀ. ಸಾಕು, 35 ಬೇಡ. ನಾನೀಗ ಅದಕ್ಕೇ ಬಂದು ನಿಂತಿದ್ದೇನೆ, ಗಿಡ್ಡ ಶಾಕ್ ಸಮೇತ. ಅಪ್ಪನಿಗೆ ಈಗ ಇಳಿಸಿದ್ದೇ ಗೊತ್ತಾಗುವುದಿಲ್ಲ.

ಫಿಟ್ಟಿಂಗಿನ ದಿನ ಮರೆಯಬಾರದ್ದು ಇನ್ನೊಂದಿದೆ. ಕೆಲಸ ಮುಗಿದ ಮೇಲೆ, ಒಂದು ಚಕ್ರದ ಗಾಳಿ ತೆಗೆದು, ಕಾರಿನ ಜೊತೆ ಬಂದ ಜಾಕ್ ಕೆಳಗೆ ಹೋಗುತ್ತದಾ ನೋಡಿ. ನನ್ನದು ಹೋಗಲಿಲ್ಲ. ಅದು ನನಗೆ ಗೊತ್ತಾದದ್ದು ಮಳೆಯಲ್ಲಿ, ರಾತ್ರಿ ಹನ್ನೊಂದಕ್ಕೆ. ಈಗ ಸ್ಟೆಪ್ನಿ ಪಕ್ಕದಲ್ಲಿ ಒಂದು ದಪ್ಪ ಹಲಗೆ ಇಟ್ಟಿದ್ದೇನೆ. ಪಂಕ್ಚರ್ ಆದ ಚಕ್ರವನ್ನು ಮೊದಲು ಅದರ ಮೇಲೆ ಹತ್ತಿಸಿದರೆ ಜಾಕ್ ಒಳಗೆ ಹೋಗುತ್ತದೆ.